ಮಾರುವಾಗ ಮದ್ದು, ಕೇಳಿದರೆ ತರಕಾರಿ

ಬೆಳಿಗ್ಗೆ ಎದ್ದು ಫೋನ್ ನೋಡಿದರೆ ಸಾಕು, ಯಾರೋ ಒಬ್ಬರು ಬೆಳ್ಳುಳ್ಳಿ ಕಳಿಸಿರುತ್ತಾರೆ. ಖಾಲಿ ಹೊಟ್ಟೆಗೆ ಎರಡು ಎಸಳು, ಏಳು ದಿನ, ಅಷ್ಟೇ. ಬಿಪಿ ಇಳಿಯುತ್ತೆ, ಕೊಲೆಸ್ಟ್ರಾಲ್ ಕರಗುತ್ತೆ, ಕ್ಯಾನ್ಸರ್ ಹತ್ತಿರವೂ ಸುಳಿಯಲ್ಲ, ಉದುರಿದ ಕೂದಲು ವಾಪಸ್ ಬರುತ್ತೆ. ಕೊನೆಯಲ್ಲಿ ಒಂದು ಮುದ್ರೆ: 'ವಿಜ್ಞಾನಿಗಳು ಸಾಬೀತು ಮಾಡಿದ್ದಾರೆ.' ಯಾವ ವಿಜ್ಞಾನಿ, ಎಷ್ಟು ಜನರ ಮೇಲೆ, ಎಷ್ಟು ದಿನ ನೋಡಿದರು ಅಂತೆಲ್ಲ ಕೇಳಬಾರದು. ಕೇಳಿದರೆ ನೀವು ಔಷಧಿ ಕಂಪನಿಯ ಏಜೆಂಟ್.

ತಮಾಷೆ ಏನಂದರೆ, ವಿಜ್ಞಾನಿಗಳು ನಿಜವಾಗಿಯೂ ಬೆಳ್ಳುಳ್ಳಿಯ ಹಿಂದೆ ಬಿದ್ದಿದ್ದಾರೆ. ಇವತ್ತು ನಿನ್ನೆಯಿಂದಲ್ಲ. 1944ರಲ್ಲೇ ಅಮೆರಿಕದ ಕ್ಯಾವಲಿಟೊ ಮತ್ತು ಬೈಲಿ ಎಂಬಿಬ್ಬರು ಬೆಳ್ಳುಳ್ಳಿಯಿಂದ ಆಲಿಸಿನ್ ಅನ್ನೋ ವಸ್ತುವನ್ನು ಬೇರ್ಪಡಿಸಿ ತೋರಿಸಿದರು. ಪ್ರಯೋಗಾಲಯದಲ್ಲಿ ಅದು ಬ್ಯಾಕ್ಟೀರಿಯಾಗಳನ್ನು ಹತ್ತಿಕ್ಕಿತು. ಸುಳ್ಳಲ್ಲ, ಒಳ್ಳೆಯ ಕೆಲಸವೇ. ಆದರೆ ಅವತ್ತಿನಿಂದ ಭಕ್ತರಿಗೆ ಪ್ರಯೋಗಾಲಯದ ಗಾಜಿನ ತಟ್ಟೆಗೂ ಮನುಷ್ಯನ ಮೈಗೂ ವ್ಯತ್ಯಾಸವೇ ಕಾಣುತ್ತಿಲ್ಲ. ತಟ್ಟೆಯಲ್ಲಿ ಸತ್ತಿತು ಅಂದಮೇಲೆ ಹೊಟ್ಟೆಯಲ್ಲೂ ಸಾಯಲೇಬೇಕು, ಅಲ್ವಾ?

ಈ ಆಲಿಸಿನ್ ಬಲು ನಾಜೂಕಿನ ಆಸಾಮಿ. ಇಡೀ ಎಸಳಿನೊಳಗೆ ಅದು ಇರುವುದೇ ಇಲ್ಲ. ಆಲಿಯಿನ್ ಎಂಬ ಗಂಧಕದ ವಸ್ತು ಒಂದು ಕಡೆ, ಆಲಿನೇಸ್ ಎಂಬ ಕಿಣ್ವ ಇನ್ನೊಂದು ಕಡೆ, ಬೇರೆ ಬೇರೆ ಕೋಣೆಯಲ್ಲಿ ತೆಪ್ಪಗೆ ಕೂತಿರುತ್ತವೆ. ಎಸಳನ್ನು ಜಜ್ಜಿದಾಗ ನಡುವಿನ ಗೋಡೆ ಒಡೆದು ಎರಡೂ ಸೇರುತ್ತವೆ. ಆಗ ಹುಟ್ಟುವುದು ಆಲಿಸಿನ್, ಜೊತೆಗೆ ಆ ಘಾಟು. ಜಜ್ಜಿದ ಕೂಡಲೇ ಬಿಸಿ ಬಾಣಲೆಗೆ ಹಾಕಿದರೆ ಕಿಣ್ವದ ಕಥೆ ಮುಗಿಯಿತು. ಜಠರದ ಆಮ್ಲವನ್ನೂ ಅದು ತಡೆದುಕೊಳ್ಳುವುದಿಲ್ಲ. ಹೀಗಿರುವಾಗ ಫೋನಿನಲ್ಲಿ ಬಂದ ವೈದ್ಯರ ಸಲಹೆ ಏನು? ಅಗಿಯಬೇಡಿ, ಮಾತ್ರೆ ನುಂಗಿದ ಹಾಗೆ ಇಡಿಯಾಗಿ ನುಂಗಿ!

ಇನ್ನು ಸರಿಯಾಗಿ ಜಗಿದೇ ತಿಂದಿರಿ ಅಂತಿಟ್ಟುಕೊಳ್ಳಿ. 25 ಗ್ರಾಂ ಹಸಿ ಬೆಳ್ಳುಳ್ಳಿ ತಿಂದವರ ರಕ್ತ, ಮೂತ್ರ ಎರಡರಲ್ಲೂ ಹುಡುಕಿದರೂ ಆಲಿಸಿನ್ ಸಿಕ್ಕಿಲ್ಲ. ರಕ್ತಕ್ಕೆ ಬೆರೆಸಿದರೆ ಕೆಲವೇ ನಿಮಿಷಗಳಲ್ಲಿ ಮಾಯ. ಅದು ಒಡೆದು ಹುಟ್ಟುವ ಬೇರೆ ಗಂಧಕದ ವಸ್ತುಗಳು ಏನಾದರೂ ಮಾಡುತ್ತಿರಬಹುದು, ಆ ಮಾತು ಬೇರೆ. ಅವುಗಳಲ್ಲಿ ಒಂದಂತೂ ರಕ್ತದ ಮೂಲಕ ಶ್ವಾಸಕೋಶಕ್ಕೆ ಹೋಗಿ, ಗಂಟೆಗಟ್ಟಲೆ ಉಸಿರಿನಲ್ಲಿ ಹೊರಗೆ ಬರುತ್ತಲೇ ಇರುತ್ತದೆ. ಎಷ್ಟು ಹಲ್ಲುಜ್ಜಿದರೂ ವಾಸನೆ ಹೋಗದಿರುವುದು ಅದಕ್ಕೇ. ಬೆಳ್ಳುಳ್ಳಿಯ ಬಗ್ಗೆ ಯಾರೂ ತಕರಾರು ತೆಗೆಯದ ಪರಿಣಾಮ ಬಹುಶಃ ಇದೊಂದೇ.

ಸಂಶೋಧಕರ ಗೋಳು ಶುರುವಾಗುವುದೂ ಈ ವಾಸನೆಯಿಂದಲೇ. ಔಷಧಿ ಪರೀಕ್ಷೆ ಅಂದಮೇಲೆ ಅರ್ಧ ಜನರಿಗೆ ಅಸಲಿ, ಅರ್ಧ ಜನರಿಗೆ ಡಮ್ಮಿ ಕೊಡಬೇಕು. ಯಾರಿಗೆ ಯಾವುದು ಅಂತ ತಿಂದವರಿಗೂ ಗೊತ್ತಾಗಬಾರದು. ಬೆಳ್ಳುಳ್ಳಿಯಲ್ಲಿ ಇದು ಹೇಗೆ ಸಾಧ್ಯ ಸ್ವಾಮಿ? ತಿಂದವರಿಗಿರಲಿ, ಪಕ್ಕದ ಸೀಟಿನವರಿಗೂ ಗುಟ್ಟು ಗೊತ್ತಾಗುತ್ತದೆ. ಹಾಗಂತ ವಾಸನೆ ತೆಗೆದು ಕೊಟ್ಟರೆ, ಔಷಧಿಯನ್ನೇ ತೆಗೆದಿರಿ ಅಂತ ಗಲಾಟೆ. ಅಂಗಡಿಯಲ್ಲಿ ಮಾತ್ರ 'ವಾಸನೆರಹಿತ' ಮಾತ್ರೆ ಭರ್ಜರಿಯಾಗಿ ಹೋಗುತ್ತಿರುತ್ತದೆ. ಆಗ ಯಾರದೂ ಗಲಾಟೆ ಇಲ್ಲ.

2007ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಕ್ರಿಸ್ಟೋಫರ್ ಗಾರ್ಡ್ನರ್ ತಂಡ ಒಂದು ಅಚ್ಚುಕಟ್ಟಾದ ಪರೀಕ್ಷೆಯ ಫಲಿತಾಂಶ ಪ್ರಕಟಿಸಿತು. ಕೆಟ್ಟ ಕೊಲೆಸ್ಟ್ರಾಲ್ ಸ್ವಲ್ಪ ಜಾಸ್ತಿ ಇದ್ದ 192 ಜನ. ನಾಲ್ಕು ಗುಂಪು. ಒಂದಕ್ಕೆ ಹಸಿ ಬೆಳ್ಳುಳ್ಳಿ, ಎರಡಕ್ಕೆ ಬೇರೆ ಬೇರೆ ಬಗೆಯ ಬೆಳ್ಳುಳ್ಳಿ ಮಾತ್ರೆ, ಇನ್ನೊಂದಕ್ಕೆ ಡಮ್ಮಿ. ವಾರಕ್ಕೆ ಆರು ದಿನ, ಆರು ತಿಂಗಳು. ಹಸಿ ಬೆಳ್ಳುಳ್ಳಿಯನ್ನು ಸುಮ್ನೆ ಕೊಟ್ಟರೆ ಯಾರು ತಿಂತಾರೆ? ಅದಕ್ಕೇ ಸ್ಯಾಂಡ್‌ವಿಚ್ ಒಳಗೆ ಸೇರಿಸಿ ಕೊಟ್ಟರು. ದೊಡ್ಡ ಸಂಶೋಧನಾ ತಂಡವೊಂದು ಆರು ತಿಂಗಳು ಸ್ಯಾಂಡ್‌ವಿಚ್ ಲೆಕ್ಕ ಇಟ್ಟುಕೊಂಡು ಕೂತಿತ್ತು ಅಂದರೆ ಅವರ ಶ್ರದ್ಧೆಗೆ ಕೈಮುಗಿಯಬೇಕು. ಫಲಿತಾಂಶ? ಯಾವ ಗುಂಪಿನಲ್ಲೂ ಕೊಲೆಸ್ಟ್ರಾಲ್ ಕದಲಲಿಲ್ಲ. ಹಸಿ ಬೆಳ್ಳುಳ್ಳಿ ತಿಂದವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಬಾಯಿ ಮತ್ತು ಮೈ ವಾಸನೆಯ ದೂರು ಕೊಟ್ಟರು. ಅವರ ಮನೆಯವರನ್ನು ಯಾರೂ ಕೇಳಲಿಲ್ಲ, ಪಾಪ.

ಇಂಥ ಫಲಿತಾಂಶ ಬಂದಾಗ ಬೆಳ್ಳುಳ್ಳಿ ವೇಷ ಬದಲಿಸುವುದನ್ನು ನೋಡಬೇಕು. ನಿನ್ನೆವರೆಗೆ 'ಸರ್ವರೋಗಕ್ಕೂ ಮದ್ದು' ಎನ್ನುತ್ತಿದ್ದವರೇ ಇವತ್ತು, 'ಅಯ್ಯೋ, ಅದು ಆಹಾರ ಕಣ್ರೀ, ಅದನ್ನು ಮಾತ್ರೆ ಥರ ಅಳೆಯೋಕಾಗುತ್ತಾ?' ಅನ್ನುತ್ತಾರೆ. ಸರಿ, ಆಹಾರ ಅಂತಲೇ ಒಪ್ಪೋಣ ಅನ್ನುವಷ್ಟರಲ್ಲಿ ಇನ್ನೆಲ್ಲೋ ಬಿಪಿ ಸ್ವಲ್ಪ ಇಳಿದ ಸುದ್ದಿ ಬರುತ್ತದೆ. ತಕ್ಷಣ ಅದು ಮತ್ತೆ ಔಷಧಿ.

ಬಿಪಿ ಸುದ್ದಿ ಪೂರ್ತಿ ಗಾಳಿಮಾತೇನಲ್ಲ. ಹಲವು ಪ್ರಯೋಗಗಳನ್ನು ಒಟ್ಟು ಹಾಕಿ ಲೆಕ್ಕ ಮಾಡಿದ 2008ರ ಒಂದು ವಿಶ್ಲೇಷಣೆಯಲ್ಲಿ, ಬಿಪಿ ಜಾಸ್ತಿ ಇದ್ದವರಿಗೆ ಮೇಲಿನ ಅಂಕಿ ಸರಾಸರಿ 8ರಷ್ಟು ಇಳಿದಿತ್ತು. ಕೆಲಸಕ್ಕೆ ಬರುವ ಅಂಕಿಯೇ. ಆದರೆ ಪ್ರಯೋಗಗಳು ಚಿಕ್ಕವು, ಹೆಚ್ಚಿನವುಗಳಲ್ಲಿ ಕೊಟ್ಟಿದ್ದು ಅಳತೆ ಮಾಡಿದ ಪುಡಿಯ ಮಾತ್ರೆ. ಇದನ್ನೇ 'ಬಿಪಿ ಮಾತ್ರೆ ಕಸದ ಬುಟ್ಟಿಗೆ ಎಸೆಯಿರಿ' ಅಂತ ಓದಿಕೊಳ್ಳುವುದಕ್ಕೆ ವಿಶೇಷ ಪ್ರತಿಭೆ ಬೇಕು. ನೆಗಡಿಯದ್ದೂ ಇದೇ ಪಾಡು. 146 ಜನರ ಒಂದು ಪ್ರಯೋಗದಲ್ಲಿ ಬೆಳ್ಳುಳ್ಳಿ ಮಾತ್ರೆ ತಿಂದವರಿಗೆ 24 ಸಲ, ಡಮ್ಮಿ ತಿಂದವರಿಗೆ 65 ಸಲ ನೆಗಡಿ ಬಂತು. ಚೆನ್ನಾಗಿದೆ. ವೈದ್ಯಕೀಯ ಪ್ರಯೋಗಗಳನ್ನು ಒರೆಗೆ ಹಚ್ಚುವ ಕಾಕ್ರೇನ್ ಸಂಸ್ಥೆಯವರು ಇಂಥದ್ದೇ ಇನ್ನೆಷ್ಟಿವೆ ಅಂತ ಜಾಲಾಡಿದರೆ, ನಂಬಿಕೆಗೆ ಅರ್ಹ ಅನಿಸಿದ್ದು ಅದೊಂದೇ. ಒಂದೇ ಪ್ರಯೋಗಕ್ಕೆ ಲಕ್ಷಾಂತರ ಫಾರ್ವರ್ಡ್!

ವೇಷ ಬದಲಿಸುವ ಈ ಕಲೆ ಹಳೆಯದು. ನಾಲ್ಕರಿಂದ ಆರನೇ ಶತಮಾನದ ನಡುವಿನದು ಎನ್ನಲಾದ, 1890ರಲ್ಲಿ ಮಧ್ಯ ಏಷ್ಯಾದ ಕುಚಾದಲ್ಲಿ ಸಿಕ್ಕಿದ ಬೋವರ್ ಹಸ್ತಪ್ರತಿ ಎಂಬ ಸಂಸ್ಕೃತದ ಹಳೆಯ ವೈದ್ಯಗ್ರಂಥ ಶುರುವಾಗುವುದೇ ಬೆಳ್ಳುಳ್ಳಿಯ ಗುಣಗಾನದಿಂದ. ಆದರೆ ಬ್ರಾಹ್ಮಣರು ಅದನ್ನು ತಿನ್ನುವಂತಿಲ್ಲ. ಅದಕ್ಕೆ ಹಸ್ತಪ್ರತಿ ಹೇಳುವ ಉಪಾಯ ನೋಡಿ: ಹಸುವಿಗೆ ಮೂರು ರಾತ್ರಿ ಮೇವು ಹೆಚ್ಚುಕಮ್ಮಿ ನಿಲ್ಲಿಸಿ, ಆಮೇಲೆ ಹುಲ್ಲಿನ ಜೊತೆ ಬೆಳ್ಳುಳ್ಳಿ ತಿನ್ನಿಸಬೇಕು. ಆ ಹಸುವಿನ ಹಾಲು, ಮೊಸರು, ತುಪ್ಪ ಬಳಸಿದರೆ ದೋಷವಿಲ್ಲ. ಉಪವಾಸ ಹಸುವಿಗೆ, ಔಷಧಿ ಯಜಮಾನರಿಗೆ.

ಈ ಜಾಣತನವನ್ನು ಕಾನೂನಾಗಿ ಬರೆದಿಟ್ಟವರು ಅಮೆರಿಕದವರು. 1994ರ ಕಾಯ್ದೆ ಪ್ರಕಾರ ಇಂಥ ಪೂರಕ ಮಾತ್ರೆಗಳಿಂದ ಉಪಯೋಗವಿದೆ ಅಂತ ಮಾರುವ ಮುಂಚೆ ಸರ್ಕಾರಕ್ಕೆ ಸಾಬೀತು ಮಾಡಬೇಕಾಗಿಲ್ಲ. ಡಬ್ಬಿಯ ಮುಂದೆ 'ಹೃದಯದ ಆರೋಗ್ಯಕ್ಕೆ' ಅಂತ ದಪ್ಪಕ್ಷರದಲ್ಲಿ ಹಾಕಬಹುದು. ಹಿಂದೆ, ಇರುವೆಗೂ ಕನ್ನಡಕ ಬೇಕಾಗುವಷ್ಟು ಸಣ್ಣಕ್ಷರದಲ್ಲಿ, ಈ ಮಾತನ್ನು ಸರ್ಕಾರ ಪರಿಶೀಲಿಸಿಲ್ಲ, ಇದು ಯಾವ ರೋಗವನ್ನೂ ವಾಸಿ ಮಾಡಲು ಉದ್ದೇಶಿಸಿದ್ದಲ್ಲ ಅಂತ ಹಾಕಿದರೆ ಆಯಿತು. ಮುಂದಿನಿಂದ ನೋಡಿದರೆ ಮದ್ದು, ಹಿಂದಿನಿಂದ ನೋಡಿದರೆ ತರಕಾರಿ.

ಕೊರೋನಾ ಬಂದಾಗ ವಿಶ್ವ ಆರೋಗ್ಯ ಸಂಸ್ಥೆಯೇ ಬೆಳ್ಳುಳ್ಳಿಗಾಗಿ ಪ್ರತ್ಯೇಕ ಪ್ರಕಟಣೆ ಹೊರಡಿಸಬೇಕಾಯಿತು. ಬೆಳ್ಳುಳ್ಳಿ ಆರೋಗ್ಯಕರ ಆಹಾರ, ಆದರೆ ಅದು ಈ ವೈರಸ್‌ನಿಂದ ಕಾಪಾಡಿದೆ ಅನ್ನೋದಕ್ಕೆ ಪುರಾವೆ ಇಲ್ಲ ಅಂತ. ಓದಿದವರಲ್ಲಿ ಎಷ್ಟೋ ಜನ 'ಆರೋಗ್ಯಕರ' ಅನ್ನುವಲ್ಲಿಗೆ ನಿಲ್ಲಿಸಿ, ಅಷ್ಟನ್ನೇ ಮುಂದಕ್ಕೆ ಕಳಿಸಿರಬೇಕು.

ಇಷ್ಟೇ ಆಗಿದ್ದರೆ ನಕ್ಕು ಸುಮ್ಮನಿರಬಹುದಿತ್ತು. ಆದರೆ 'ನೈಸರ್ಗಿಕ, ಅಡ್ಡ ಪರಿಣಾಮ ಇಲ್ಲ' ಅನ್ನೋ ಬಾಲಂಗೋಚಿ ಇದೆಯಲ್ಲ, ಅದು ಅಪ್ಪಟ ಸುಳ್ಳು. ಹಸಿ ಬೆಳ್ಳುಳ್ಳಿ ಜಜ್ಜಿ ಚರ್ಮದ ಮೇಲೆ ಕಟ್ಟಿಕೊಂಡು ಸುಟ್ಟ ಗಾಯ ಮಾಡಿಕೊಂಡವರ ಫೋಟೊಗಳು ವೈದ್ಯಕೀಯ ಪತ್ರಿಕೆಗಳಲ್ಲಿವೆ. ಎಚ್‌ಐವಿಗೆ ಕೊಡುತ್ತಿದ್ದ ಸ್ಯಾಕ್ವಿನಾವಿರ್ ಎಂಬ ಔಷಧಿಯ ಜೊತೆ ಬೆಳ್ಳುಳ್ಳಿ ಮಾತ್ರೆ ನುಂಗಿಸಿ ನೋಡಿದಾಗ, ರಕ್ತದಲ್ಲಿ ಆ ಔಷಧಿಯ ಪ್ರಮಾಣ ಸುಮಾರು ಅರ್ಧಕ್ಕೆ ಇಳಿದಿತ್ತು. ರಕ್ತ ಹೆಪ್ಪುಗಟ್ಟುವುದನ್ನೂ ಬೆಳ್ಳುಳ್ಳಿ ತಡ ಮಾಡಬಲ್ಲದು. ಅದಕ್ಕೇ ಆಪರೇಷನ್‌ಗೆ ಕನಿಷ್ಠ ಒಂದು ವಾರ ಮುಂಚೆ ಬೆಳ್ಳುಳ್ಳಿ ಮಾತ್ರೆ ನಿಲ್ಲಿಸಿ ಅಂತ ವೈದ್ಯರು ಹೇಳುವುದು.

ಹೇಳೋಣ ಅಂದರೆ ಮೊದಲು ಅವರಿಗೆ ಗೊತ್ತಾಗಬೇಕಲ್ಲ. ಆಪರೇಷನ್‌ಗೆ ಮುಂಚೆ ಅರಿವಳಿಕೆ ಕೊಡುವ ಡಾಕ್ಟರು ಬಂದು ಕೇಳುತ್ತಾರೆ: 'ಬೇರೆ ಯಾವುದಾದರೂ ಔಷಧಿ ತಗೊಳ್ತಿದ್ದೀರಾ?' ವರ್ಷಗಟ್ಟಲೆ ಬೆಳ್ಳುಳ್ಳಿಯಿಂದ ಹೃದಯ ರಕ್ಷಿಸಿಕೊಂಡು, ಊರಿಗೆಲ್ಲ ಅದೇ ಮದ್ದು ಹಂಚಿದ ಮಹನೀಯರು ಖಡಾಖಂಡಿತವಾಗಿ ತಲೆಯಾಡಿಸುತ್ತಾರೆ. ಇಲ್ಲ, ಏನೂ ಇಲ್ಲ. ಡಾಕ್ಟರು ಬ್ಯಾಗಿನಲ್ಲಿ ಇಣುಕುತ್ತಿದ್ದ ಡಬ್ಬಿ ತೋರಿಸಿ 'ಇದೇನು?' ಅಂದರೆ, 'ಅಯ್ಯೋ ಡಾಕ್ಟ್ರೇ, ಅದು ಔಷಧಿ ಅಲ್ಲ. ಬರೀ ಬೆಳ್ಳುಳ್ಳಿ.'