ಅಡಿಕೆ ಹಂಡೆಯಲ್ಲಿ ಟರ್ಕಿ ಕೋಳಿ

ಡಿಸೆಂಬರ್ ಬಂತೆಂದರೆ ಮಲೆನಾಡಿನಲ್ಲಿ ಎರಡು ಸುಗ್ಗಿ. ಒಂದು ಅಡಿಕೆಯದು, ಇನ್ನೊಂದು ಹೋಂಸ್ಟೇಯದು. ಮೊದಲನೆಯದಕ್ಕೆ ಮರವೇರಿ ಗೊನೆ ಇಳಿಸುವ ಕೊನೆಗಾರ ಸಿಗುವುದಿಲ್ಲ, ಎರಡನೆಯದಕ್ಕೆ ಟರ್ಕಿ ಕೋಳಿ ಸಿಗುವುದಿಲ್ಲ. ಫ್ಲೆಕ್ಸ್‌ನಲ್ಲಿ ಮಾತ್ರ ಅದು ಕಾಲು ಮೇಲೆತ್ತಿಕೊಂಡು ಮಿರಮಿರ ಹೊಳೆಯುತ್ತಿರುತ್ತದೆ: ‘ಅಪ್ಪಟ ಮಲೆನಾಡ ಕ್ರಿಸ್‌ಮಸ್ ಗಾಲಾ ಡಿನ್ನರ್. 24ರ ರಾತ್ರಿ 8ಕ್ಕೆ. 42 ಬಗೆ. ಡಿಜೆ. ಹಿಮಪಾತ.’ ತೀರ್ಥಹಳ್ಳಿಯಿಂದ ಸಾಗರದವರೆಗೆ ಇಂಥ ಊಟಕ್ಕೆ ಮೆನು ಹೊಂದಿಸುತ್ತಿರುವ ಮಾಲೀಕರ ಉಪಯೋಗಕ್ಕಾಗಿ ಈ ನಾಲ್ಕು ಮಾತು.

80 ಜನಕ್ಕೆ 6 ಕಿಲೊದ ಒಂದೇ ಹಕ್ಕಿ ತರಿಸಿ. ಫೋಟೊಕ್ಕೆ ಒಂದು ಸಾಕು. ಮೂಳೆ ಕಳೆದು, ಬೇಯುವಾಗ ಕುಗ್ಗಿ, ಉಳಿಯುವ ಮಾಂಸ 3 ಕಿಲೊ ದಾಟದು. ತಲೆಗೆ ಮೂವತ್ತೈದೋ ನಲವತ್ತೋ ಗ್ರಾಂ, ಅಂದರೆ ಎಲೆ ತುದಿಗೆ ಬಡಿಸುವ ಕೋಸಂಬರಿಯಷ್ಟು. ಅದು ಬರುವುದು ಮಂಜುಗಡ್ಡೆಯಾಗಿ. ಫ್ರಿಜ್ಜಿನ ಕೆಳಗಿನ ತಟ್ಟಿನಲ್ಲಿ 2 ಕಿಲೊಗೆ ಒಂದು ದಿನದ ಲೆಕ್ಕ, ಒಟ್ಟು ಮೂರು ದಿನ ಕರಗಬೇಕು. 24ರ ಬೆಳಿಗ್ಗೆ ಬಸ್ಸಿನಿಂದ ಇಳಿಸಿಕೊಂಡು ಅಡಿಕೆ ಚಪ್ಪರದ ಬಿಸಿಲಿಗಿಟ್ಟರೆ ಹೊರಗಿನ ಮಾಂಸ ಹಳಸುತ್ತದೆ, ಹೊಟ್ಟೆಯೊಳಗಿನ ಐಸು ಹಾಗೇ ಇರುತ್ತದೆ. ಹಿಮಪಾತವೆಂದು ಮಾತು ಕೊಟ್ಟವರಿಗೆ ಅಷ್ಟಾದರೂ ಸಿಕ್ಕಿತಲ್ಲ.

ಇನ್ನು ಬೇಯಿಸುವುದು. 165 ಡಿಗ್ರಿ ಕಾವಿನಲ್ಲಿ ಮೂರರಿಂದ ಮೂರೂವರೆ ಗಂಟೆ ಬೇಕು. ತೊಡೆಯ ಒಳಗೆ 74 ಡಿಗ್ರಿ ಮುಟ್ಟುವವರೆಗೆ ಬೆಂದಿದೆ ಎನ್ನುವಂತಿಲ್ಲ. ಎದೆಯ ಮಾಂಸ ಅದಕ್ಕಿಂತ ಮೊದಲೇ ಬೆಂದು, ತೊಡೆಗಾಗಿ ಕಾಯುತ್ತಾ ಹಾಳೆಯಂತೆ ಒಣಗಿರುತ್ತದೆ. ಮನೆಯ 30 ಲೀಟರಿನ ಓವನ್ನಿನಲ್ಲಿ ಹಕ್ಕಿ ಕೂತರೆ ಬಾಗಿಲು ಹಾಕಲಾಗದು, ಬಾಗಿಲು ಹಾಕಿದರೆ ಹಕ್ಕಿ ಕೂರದು. ಹೇಗೋ ತುರುಕಿದಿರಿ ಅಂತಲೇ ಇಟ್ಟುಕೊಳ್ಳಿ. ಸಂಜೆ ತೋಟದ ಪಂಪ್‌ಸೆಟ್ಟುಗಳೆಲ್ಲ ಓಡುವ ಹೊತ್ತಿಗೆ ವೋಲ್ಟೇಜ್ 230ರಿಂದ 180ಕ್ಕೆ ಇಳಿದರೆ 2,000 ವಾಟಿನ ಓವನ್ ಸುಮಾರು 1,200 ವಾಟಿನ ಕೆಲಸ ಮಾಡುತ್ತದೆ. ಇನ್ವರ್ಟರಿಗೆ ಹಾಕುವ ಯೋಚನೆ ಬಿಡಿ, ಅದು ಕೂಗಿ ಕೂತುಬಿಡುತ್ತದೆ.

ಹೀಗಾಗಿ ಈ ಸೀಮೆಯಲ್ಲಿ ಟರ್ಕಿ ಪೂರ್ತಿ ಮುಳುಗುವ ಪಾತ್ರೆ ಒಂದೇ, ಅಡಿಕೆ ಬೇಯಿಸುವ ಹಂಡೆ. ಅಡಿಕೆ ಬೆಂದ ನೀರಿನ ಚೊಗರು ತೊಳೆಯದಿದ್ದರೂ ನಡೆಯುತ್ತದೆ. ಬಾಯಿ ಒಗರಾದೀತು, ಆದರೆ ಬಣ್ಣ ಫ್ಲೆಕ್ಸಿನಲ್ಲಿರುವುದಕ್ಕಿಂತ ಚೆನ್ನಾಗಿ ಬರುತ್ತದೆ. ಇದೂ ಬೇಡವೆಂದರೆ ಗಿರಿರಾಜ ಹುಂಜ ಇದ್ದೇ ಇದೆ. ಡಿಜೆ ಬೆಳಕಿನಲ್ಲಿ ಯಾರು ಕುಲ ಕೇಳುತ್ತಾರೆ?

ಪ್ಲಮ್ ಕೇಕಿನ ವಿಷಯದಲ್ಲಿ ಇಷ್ಟು ಕಷ್ಟವಿಲ್ಲ, ಏಕೆಂದರೆ ಅದರಲ್ಲಿ ಪ್ಲಮ್ ಇರುವುದೇ ಇಲ್ಲ. ಹಳೆಯ ಇಂಗ್ಲಿಷಿನವರು ಒಣದ್ರಾಕ್ಷಿಗೂ ಪ್ಲಮ್ ಅನ್ನುತ್ತಿದ್ದರು, ಹೆಸರು ಉಳಿಯಿತು. ಬೇಕರಿ ಕೇಕಿನ ಟೂಟಿ ಫ್ರೂಟಿ ಎಂದರೆ ಸಕ್ಕರೆ ಪಾಕದಲ್ಲಿ ಅದ್ದಿದ ಪಪ್ಪಾಯಿ ಕಾಯಿ. ಮೇಲೆ ಕೂತ ಕೆಂಪು ಚೆರ್ರಿ ಬಹುಪಾಲು ನಮ್ಮ ಕೌಳಿಕಾಯಿಯೇ. ಬಣ್ಣ ಬಿಡಿಸಿ, ಬೇರೆ ಬಣ್ಣ ಹಾಕಿಸಿಕೊಂಡದ್ದು. ಗುಡ್ಡದಲ್ಲಿ ದನ ಕಾಯುವ ಹುಡುಗರು ಪುಕ್ಕಟೆ ತಿನ್ನುವ ಕಾಯಿ ಕೇಕಿನ ತಲೆಯೇರಿ ಕೂತರೆ ಅದರ ಬೆಲೆಯೇ ಬೇರೆ. ಮನೆಯಲ್ಲೇ ಮಾಡುವವರು ಒಂದು ನೆನಪಿಡಿ: ಕಪ್ಪು ಬಣ್ಣಕ್ಕೆ ಸಕ್ಕರೆ ಸುಡುವಾಗ ಬಿಸಿನೀರು ಹಾಕಿ. ತಣ್ಣೀರು ಸುರಿದರೆ ಪಾಕ ಮುಖಕ್ಕೆ ಸಿಡಿಯುತ್ತದೆ. ರಮ್ಮಿನಲ್ಲಿ ನೆನೆಸಿದ ಹಣ್ಣನ್ನು ಬಸಿದು ಮೈದಾದಲ್ಲಿ ಹೊರಳಿಸದಿದ್ದರೆ ಎಲ್ಲವೂ ತಳ ಸೇರುತ್ತದೆ. ನೆನೆಸಿದ ರಮ್ಮು ಎಲ್ಲಿ ಸೇರಿತೆಂದು ಅಡುಗೆಮನೆಯಲ್ಲಿ ಕೇಳಬಾರದು.

ಹಿಮಪಾತಕ್ಕೆ ಹತ್ತಿ. ಅಂಗಳದ ಗಾಳಿಮರಕ್ಕೆ 5 ಕಿಲೊ ಹತ್ತಿ ಅಂಟಿಸಿ. ಏಳು ಗಂಟೆಗೆ ನಿಜವಾದ ಇಬ್ಬನಿ ಇಳಿದು ಅಷ್ಟೂ ಹತ್ತಿ ಒದ್ದೆಯಾಗಿ, ಮಿಂದ ಕುರಿಯ ಹಾಗೆ ಜೋತುಬೀಳುತ್ತದೆ. ಅತಿಥಿಗಳು ಬೆನ್ನಿಗೆ ನಿಜದ ಮಂಜು ಹಾಕಿಕೊಂಡು ಹತ್ತಿಯ ಮಂಜಿನ ಮುಂದೆ ಸೆಲ್ಫಿ ತೆಗೆಯಲಿ.

ಕೊನೆಗೊಂದು ಸಣ್ಣ ತೊಡಕು. ಅಡುಗೆ ಮಾಡುವ ಬಾಯಮ್ಮ 24ರ ಸಂಜೆ ರಜೆ ಕೇಳುತ್ತಾರೆ. ‘ಕ್ರಿಸ್‌ಮಸ್ ದಿನ ನಿಮಗೇನಮ್ಮ ಅಂಥ ಕೆಲಸ?’ ಎಂದು ಗದರುವ ಮೊದಲು ಕೇಳಿ: ಚಿಕ್ಕಮಗಳೂರಿನಲ್ಲಿ 1963ರಿಂದ, ಶಿವಮೊಗ್ಗದಲ್ಲಿ 1988ರಿಂದ ಕ್ರೈಸ್ತರ ಧರ್ಮಪ್ರಾಂತ್ಯವೇ ಇದೆ. ಅವರಿಗೆ ಆ ರಾತ್ರಿ ಚರ್ಚಿನಲ್ಲಿ ಪ್ರಾರ್ಥನೆಯ ಬಲಿಪೂಜೆ, ಊಟದ ಸಂಭ್ರಮ ಏನಿದ್ದರೂ ಆಮೇಲೆ. ಬಾಯಮ್ಮ ವಾರದ ಹಿಂದೆಯೇ ತಮ್ಮ ಮನೆಗೆ ಕುಸ್ವಾರ್, ಅಂದರೆ ಕ್ರಿಸ್‌ಮಸ್ ತಿಂಡಿ, ಮಾಡಿಟ್ಟಿರುತ್ತಾರೆ: ಕರ್ಜಿಕಾಯಿಯಂಥ ನೆವ್ರ್ಯೊ, ಸುರುಳಿ ಸುತ್ತಿದ ಕಿಡ್ಯೊ, ಗುಲಾಬಿ ಅಚ್ಚಿನ ಕೊಕ್ಕಿಸಾಂ. ಅಚ್ಚನ್ನು ಎಣ್ಣೆಯಲ್ಲೇ ಕಾಯಿಸಿ ಹಿಟ್ಟಿಗೆ ಮುಕ್ಕಾಲು ಮಾತ್ರ ಅದ್ದಬೇಕು, ಪೂರ್ತಿ ಮುಳುಗಿತೋ ಹೂವು ಬಿಡುವುದಿಲ್ಲ. 23ಕ್ಕೇ ಬಫಾತ್ ಮಸಾಲೆ ಪುಡಿ ಹಾಕಿದ ಹಂದಿಮಾಂಸ ಒಲೆಯೇರಿರುತ್ತದೆ, ಅದಕ್ಕೆ ಮಾಗಲು ಒಂದು ರಾತ್ರಿ ಬೇಕು. ಇಡ್ಲಿಯಂಥ ಸನ್ನಕ್ಕೆ ರುಬ್ಬಿದ ಹಿಟ್ಟು ಚಳಿಗೆ ಹುದುಗಲೊಲ್ಲದು ಎಂದು ಬಚ್ಚಲೊಲೆಯ ಪಕ್ಕ ಕಂಬಳಿ ಹೊದ್ದು ಕೂತಿರುತ್ತದೆ.

ರಾತ್ರಿ ಹತ್ತಕ್ಕೆ ಡಿಜೆ ನಿಲ್ಲಿಸಲೇಬೇಕು. ಸದ್ದಡಗಿದ ಮೇಲೆ 42 ಬಗೆ ಉಂಡವರಿಗೆ ಹಸಿವೆಯ ಅರಿವಾಗುತ್ತದೆ. ಹನ್ನೆರಡೂವರೆಗೆ ಬಾಯಮ್ಮ ಇಗರ್ಜಿಯಿಂದ ಬಂದು ಹಿತ್ತಲ ಕೆಲಸದವರ ಲೈನ್‌ಮನೆಯಲ್ಲಿ ಸನ್ನ ಬೇಯಲಿಟ್ಟು ಮಾಂಸ ಬಿಸಿ ಮಾಡುವಾಗ ಗಾಳಿ ತೋಟದ ಕಡೆಯಿಂದ ಬೀಸಿತೋ, ನಿಮ್ಮ ಅತಿಥಿಗಳೆಲ್ಲ ಮೊಬೈಲಿನ ಟಾರ್ಚ್ ಹಿಡಿದು ಅಲ್ಲಿ ಸಾಲು ನಿಲ್ಲುತ್ತಾರೆ. ಬಾಯಮ್ಮ ಬೈಯುವುದಿಲ್ಲ, ತಟ್ಟೆ ಕೊಡುತ್ತಾರೆ. ನೀವೂ ಗಾಬರಿಯಾಗಬೇಡಿ. ಮುಂದಿನ ವರ್ಷದ ಫ್ಲೆಕ್ಸಿಗೆ 43ನೇ ಬಗೆ ಬರೆಸಿ: ‘ಲೈನ್‌ಮನೆ ಲೈವ್ ಕೌಂಟರ್, ತಲೆಗೆ 900 ರೂಪಾಯಿ, ಜಿಎಸ್‌ಟಿ ಬೇರೆ.’ ಸಂಜೆ 7ಕ್ಕೇ ಶುರು ಎಂದು ಹಾಕಿಸಿ. ಬಾಯಮ್ಮನ ರಜೆಯ ಮಾತು ಜನವರಿ 2ನೇ ತಾರೀಕಿನ ಮೇಲೆ ನೋಡೋಣ.