ದಕ್ಷಿಣಕ್ಕೆ ಯಾರ ತೋಟ?

ವಿಂಡೋಸ್ ಇರುವವರು ಡಬ್ಬದ ಮೇಲಿನ ವೇಗ ನೋಡಿ ಸ್ಕ್ಯಾನರ್ ತಗೊಳ್ತಾರೆ. ನಮ್ಮಂಥ ಲಿನಕ್ಸ್‌ನವರಿಗೆ ವೇಗ ಆಮೇಲಿನ ಮಾತು. ಮೊದಲು ಅದು ನಮ್ಮ ಕಂಪ್ಯೂಟರ್ ಜತೆ ಬಾಯಿ ಬಿಡುತ್ತಾ ಅಂತ ನೋಡಬೇಕು.

ಗುಬ್ಬಿ ಕಡೆಯ ತೋಟದ ಕ್ರಯಪತ್ರ, ಪಹಣಿ, ಕಂದಾಯದ ರಸೀದಿ ಎಲ್ಲವನ್ನೂ ಟ್ರಂಕಿಗೆ ತುಂಬಿಕೊಂಡು ಚಿಕ್ಕಪ್ಪ ತುಮಕೂರಿನ ನಮ್ಮ ಮನೆಗೆ ಬಂದಿಳಿದಿದ್ದರು. "ಎಲ್ಲಾ ಕಂಪ್ಯೂಟರ್‌ಗೆ ಹಾಕಿಬಿಡೋ, ಗೆದ್ದಲು ಹತ್ತಿದೆ" ಅಂದರು. ಹಾಳೆ ಎಳೆದುಕೊಳ್ಳುವ ಫೀಡರ್ ಬೇಗ ಮುಗಿಸುತ್ತೆ, ನಿಜ. ಆದರೆ ನಾಲ್ಕು ಮಡಿಕೆ ಬಿದ್ದ ಛಾಪಾ ಕಾಗದವನ್ನು ಅದಕ್ಕೆ ಕೊಟ್ಟರೆ ಗೆದ್ದಲಿಗೆ ಕೆಲಸ ಉಳಿಯುವುದಿಲ್ಲ. ಗಾಜಿನ ಮೇಲಿಡುವ ಫ್ಲಾಟ್‌ಬೆಡ್ಡೇ ಬೇಕು.

ಲ್ಯಾಪ್‌ಟಾಪ್ ಸಮೇತ ಬಿ.ಎಚ್. ರಸ್ತೆಯ ಅಂಗಡಿಗೆ ಹೋದೆವು. "ಎಲ್ಲದಕ್ಕೂ ಸಪೋರ್ಟ್ ಆಗುತ್ತೆ ಸರ್" ಎಂದ ಹುಡುಗ. ಕೇಬಲ್ ಚುಚ್ಚಿ, ಯಾವ ಸ್ಕ್ಯಾನರ್ ಸಿಕ್ಕಿದೆ ಹೇಳು ಅಂತ ಟರ್ಮಿನಲ್‌ನಲ್ಲಿ ಸ್ಕ್ಯಾನ್‌ಇಮೇಜ್ ಕಮಾಂಡ್ ಕೊಟ್ಟೆ. ಒಂದು ಸಾಲು ಬಂತು. ಹುಡುಗ ಬಿಲ್ ಪುಸ್ತಕಕ್ಕೆ ಕೈ ಹಾಕಿದ. ಸಾಲು ಪೂರ್ತಿ ಓದಿದರೆ, ಸಿಕ್ಕಿದ್ದು ನನ್ನ ಲ್ಯಾಪ್‌ಟಾಪಿನ ವೆಬ್‌ಕ್ಯಾಮ್! ಲಿನಕ್ಸ್‌ನಲ್ಲಿ ಸ್ಕ್ಯಾನರ್ ನಡೆಸುವ 'ಸೇನ್' ಕ್ಯಾಮೆರಾವನ್ನೂ ಪಟ್ಟಿಗೆ ಸೇರಿಸಿಬಿಡುತ್ತೆ. ನಿಜವಾದ ಸ್ಕ್ಯಾನರ್ ಪಕ್ಕದಲ್ಲಿ ಸುಮ್ನೆ ಕೂತಿತ್ತು.

"ಹಂಗಾದ್ರೆ ಪತ್ರಾನ ಅದರ ಮುಂದೆ ಹಿಡ್ಕೊಂಡ್ರೆ ಸಾಕಲ್ವೇನೋ?" ಎಂದರು ಚಿಕ್ಕಪ್ಪ.

ಸೇನ್‌ನವರದ್ದೇ ಒಂದು ಮಾಡೆಲ್ ಪಟ್ಟಿ ಇದೆ. ಕಂಪ್ಲೀಟ್, ಗುಡ್, ಬೇಸಿಕ್ ಅಂತ ಶಾಲೆಯ ಪ್ರಗತಿ ಪತ್ರದ ಹಾಗೆ ಪ್ರತಿ ಮಾಡೆಲ್‌ಗೂ ದರ್ಜೆ. ಕಂಪನಿ ಹೆಸರು ನೋಡಿದರೆ ಸಾಲದು, ನಂಬರೂ ನೋಡಬೇಕು. ಕ್ಯಾನನ್ ಲೈಡ್ 210ಕ್ಕೆ ಜೆನೆಸಿಸ್ ಅನ್ನುವ ಡ್ರೈವರ್ (ಯಂತ್ರವನ್ನು ಮಾತಾಡಿಸುವ ತಂತ್ರಾಂಶ), ಅದೇ ಮನೆತನದ 400ಕ್ಕೆ ಪಿಕ್ಸ್‌ಮಾ. ಪಟ್ಟಿ ಹಿಡಿದು ಒಂದು ತೆಳ್ಳನೆಯ ಸ್ಕ್ಯಾನರ್ ತಂದೆವು. ಈ ತೆಳ್ಳನೆಯವುಗಳಲ್ಲಿ ಸಿಐಎಸ್ ಅನ್ನುವ, ಗಾಜಿಗೆ ಹತ್ತಿರದಿಂದಲೇ ಓದುವ ಸೆನ್ಸರ್ ಇರುತ್ತೆ. ಕಾಗದ ಗಾಜಿನಿಂದ ಸ್ವಲ್ಪ ಎದ್ದರೂ ಅಕ್ಷರ ಮಸುಕು. ಚಿಕ್ಕಪ್ಪ ಮುಚ್ಚಳದ ಮೇಲೆ ಕೊಬ್ಬರಿ ತೂಗುವ ಕಲ್ಲು ಇಡಲು ಹೊರಟಿದ್ದರು. ಕೈಯಲ್ಲೇ ಒತ್ತಿ ಅಂದೆ.

ವೇಗಕ್ಕೆ ಬಂದರೆ, 600 ಡಿಪಿಐ (ಇಂಚಿಗೆ 600 ಚುಕ್ಕೆ) ಇಟ್ಟರೆ 300ರ ನಾಲ್ಕು ಪಟ್ಟು ಡೇಟಾ. ಓದುವ ಕಾಗದಕ್ಕೆ 300 ಧಾರಾಳ. ಅಷ್ಟಕ್ಕಿಟ್ಟರೆ ಯಂತ್ರ ಸರಸರ ಮುಗಿಸುತ್ತಿತ್ತು. ಚಿಕ್ಕಪ್ಪ ಮುಗಿಸಬೇಕಲ್ಲ? ಪ್ರತಿ ಕಾಗದವನ್ನೂ ಕನ್ನಡಕ ಹಾಕಿಕೊಂಡು ಓದಿ, ತೋಟ ಮಾರಿದವನ ವಂಶಾವಳಿ ಹೇಳಿ, ಅವನ ಭಾವಮೈದನನ್ನು ಬೈದು, ಆಮೇಲೆ ನನ್ನ ಕೈಗೆ ಕೊಡುತ್ತಿದ್ದರು. ಇದಕ್ಕೆ ಯಾವ ಡ್ರೈವರೂ ಇಲ್ಲ.

ಕ್ರಯಪತ್ರದ ಸರದಿ ಬಂತು. ಎ4 ಗಾಜಿನ ಉದ್ದ 297 ಮಿಲಿಮೀಟರ್. ಪತ್ರ ಲೀಗಲ್ ಸೈಜು, 356. ಕೆಳಗಿನ ಆರು ಸೆಂಟಿಮೀಟರ್ ಆಚೆ ನೇತಾಡುತ್ತಿತ್ತು. ಪರದೆಯಲ್ಲಿ ಚಕ್ಕುಬಂದಿ ಪೂರ್ವ, ಪಶ್ಚಿಮ, ಉತ್ತರಕ್ಕೇ ನಿಂತಿತ್ತು. ಕಾಗದ ಜರುಗಿಸಿ ಇನ್ನೊಂದು ಸಲ ತೆಗೆದು ಜೋಡಿಸೋಣ ಅಂತ ಮುಚ್ಚಳ ಎತ್ತಿದೆ. ಚಿಕ್ಕಪ್ಪ ಕೈ ಹಿಡಿದರು.

"ತಡಿಯೋ. ದಕ್ಷಿಣಕ್ಕೆ ಆ ಭಾವಮೈದನ ತೋಟಾನೇ ಇರೋದು. ಇದನ್ನ ಹಿಂಗೇ ಒಂದು ಪ್ರಿಂಟ್ ತೆಗಿ."