ಎಂಟಾಣೆ ಕಾರ್ಡಿನ ಕಥೆ

ನಾನು ಹಳೇ ಪೋಸ್ಟ್‌ಕಾರ್ಡ್ ಕೂಡಿಡುವವನು. ಮನೆಯಲ್ಲಿ ಇದಕ್ಕೆ ಹವ್ಯಾಸ ಅನ್ನುವುದಿಲ್ಲ, ಧೂಳು ಅನ್ನುತ್ತಾರೆ. ಮೊನ್ನೆ ಸಂಗ್ರಹದಲ್ಲಿ ಹೊಸದೂ ಒಂದಿರಲಿ ಅಂತ ಅಂಚೆ ಕಚೇರಿಗೆ ಹೋದೆ.

"ಒಂದು ಕಾರ್ಡು ಕೊಡಿ ಮೇಡಂ."

"ಐವತ್ತು ಪೈಸೆ ಚಿಲ್ಲರೆ ಕೊಡಿ."

ಒಂದು ರೂಪಾಯಿ ಮುಂದಿಟ್ಟೆ.

"ಚಿಲ್ಲರೆ ಇಲ್ಲ, ಎರಡು ತಗೊಳ್ಳಿ."

"ಆಯ್ತು, ಎರಡೇ ಕೊಡಿ."

ಡ್ರಾಯರ್ ಎಳೆದು ನೋಡಿದರು. "ಸ್ಟಾಕ್ ಇಲ್ಲ ಸಾರ್."

ಅವರದೇನೂ ತಪ್ಪಿಲ್ಲ ಬಿಡಿ. ಎಂಟಾಣೆ ಕಾನೂನಿನ ಪ್ರಕಾರ ಇನ್ನೂ ಬದುಕಿದೆ. ಆದರೆ ದೇವಸ್ಥಾನದ ಹುಂಡಿ ಬಿಟ್ಟರೆ ಯಾರೂ ತಗೊಳ್ಳಲ್ಲ. ಹುಂಡಿಗೆ ಬೇಡ ಅನ್ನಲು ಬಾಯಿಲ್ಲ, ಅಷ್ಟೇ. ಮೇಘದೂತ ಕಾರ್ಡಿನದು ಇನ್ನೂ ಚೆಂದ. 2002ರಲ್ಲಿ ಬಂತು, ವಿಳಾಸದ ಪಕ್ಕ ಜಾಹೀರಾತು, ಬೆಲೆ ನಾಲ್ಕಾಣೆ. 2011ರ ಜೂನ್ 30ಕ್ಕೆ ನಾಲ್ಕಾಣೆ ನಾಣ್ಯವೇ ಚಲಾವಣೆಯಿಂದ ಹೋಯಿತು. ಕಾರ್ಡಿನ ಬೆಲೆ ಮಾತ್ರ ಕದಲಲಿಲ್ಲ. ಕಾಳಿದಾಸನ ಯಕ್ಷ ಬುದ್ಧಿವಂತ, ಚಿಲ್ಲರೆ ಕೇಳದ ಮೋಡವನ್ನೇ ಹಿಡಿದ.

ಇಲಾಖೆಯ ದೊಡ್ಡ ಮನಸ್ಸನ್ನೂ ಹೊಗಳಬೇಕು. ಅವರದೇ 2016-17ರ ಲೆಕ್ಕದಲ್ಲಿ ಒಂದು ಕಾರ್ಡಿಗೆ 12 ರೂಪಾಯಿ ಮೇಲೆ ಖರ್ಚು. ಮಾರುವುದು ಎಂಟಾಣೆಗೆ, ಬಡವರಿಗಾಗಿ ಅಂತೆ. ಇಂಥ ಅಂಗಡಿ ಎಲ್ಲಿದೆ ಹೇಳಿ? ನಷ್ಟ ತಪ್ಪಿಸುವ ಉಪಾಯವೂ ಸುಲಭ. ಕಾರ್ಡು ಮಾರದಿದ್ದರೆ ಆಯಿತು!

ಮಾರುವುದೇ ಇಲ್ಲ ಅಂತಲ್ಲ. ಚಳವಳಿಗೆ ಬೇಕಾದರೆ ಕಟ್ಟುಗಟ್ಟಲೆ ಬರುತ್ತದೆ. 2021ರ ಡಿಸೆಂಬರಿನಲ್ಲಿ ಶಾಲೆ ಮಕ್ಕಳಿಂದ ಪ್ರಧಾನಿಗೆ 75 ಲಕ್ಷ ಕಾರ್ಡು ಬರೆಸುವ ಅಭಿಯಾನ ನಡೆಯಿತು. ಒಂದು ವಿಷಯ, 2047ರ ಭಾರತ ಹೇಗಿರಬೇಕು ಅಂತ. ಅಜ್ಜಿಗೆ ಬರೆಯಲು ಒಂದು ಕಾರ್ಡು ಸಿಗದ ಹುಡುಗನೂ ಕೂತು ಬರೆದಿರಬೇಕು ಪಾಪ.

ಹಂಪಿಗೆ ಹೋದಾಗ ಚಿತ್ರದ ಕಾರ್ಡು ಹುಡುಕಿದೆ. ಕೀಚೈನ್ ಇತ್ತು, ಫ್ರಿಜ್ಜಿಗೆ ಅಂಟಿಸುವ ಆನೆ ಇತ್ತು. ಕಲ್ಲಿನ ರಥದ ಕಾರ್ಡು ಕೇಳಿದರೆ ಅಂಗಡಿಯವ ನಕ್ಕ. "ಐವತ್ತರ ನೋಟಲ್ಲೇ ಇದೆಯಲ್ಲ ಸಾರ್!" ನೂರು ವರ್ಷದ ಹಿಂದೆ ಹಿಗ್ಗಿನ್‌ಬಾಥಮ್ಸ್‌ ಪುಸ್ತಕದಂಗಡಿಯವರು ಬೆಂಗಳೂರಿನ ಚಿತ್ರದ ಕಾರ್ಡು ಅಚ್ಚು ಹಾಕಿ ಮಾರುತ್ತಿದ್ದರು. ಈಗಿನ ಎಂ.ಜಿ. ರೋಡು, ಆಗಿನ ಸೌತ್ ಪರೇಡ್. ಮರ, ಒಂದು ಜಟಕಾ, ಉಳಿದದ್ದೆಲ್ಲ ಖಾಲಿ ರಸ್ತೆ. ಅಂಥದ್ದೊಂದು ಕೊಳ್ಳಬೇಕೆಂದರೆ ಈಗ ನನ್ನ ಪಿಂಚಣಿ ಅಲುಗಾಡುತ್ತದೆ. ಕಾರ್ಡಿನ ಹಿಂಬದಿಯಲ್ಲಿ ಯಾವನೋ ಇಂಗ್ಲಿಷ್ ದೊರೆ ಬರೆದದ್ದೇನು? ಸೆಖೆ ಜಾಸ್ತಿ, ಅಡುಗೆಯವನು ಸರಿಯಿಲ್ಲ. ಇದೇ ವಿಷಯ ನಮ್ಮ ಚಿಕ್ಕಮ್ಮ ಬರೆದಿದ್ದರೆ ರದ್ದಿ.

ರಿಜಿಸ್ಟರ್ ಪೋಸ್ಟನ್ನು 2025ರಲ್ಲಿ ಸ್ಪೀಡ್ ಪೋಸ್ಟಿನಲ್ಲಿ ಕರಗಿಸಿದರು. ಅದಕ್ಕಾದರೂ ಒಂದು ತಿಥಿ ಸಿಕ್ಕಿತು. ಕಾರ್ಡಿಗೆ ಅದೂ ಇಲ್ಲ. ಎರಡು ರೂಪಾಯಿ ಮಾಡಿ, ಐದು ಮಾಡಿ, ಕೊಡ್ತೀವಿ. ಆಗಲ್ಲ ಅಂದರೆ ನಿಲ್ಲಿಸಿ. ಕೈಗೆ ಸಿಗದ ಕಾರ್ಡಿಗೆ ಅಗ್ಗದ ಬೆಲೆ ಹಚ್ಚಿ ಬಡವರ ಹೆಸರು ಹೇಳಬೇಡಿ. ಸಾಕಾಗಿದೆ.

ಕೊನೆಗೆ ಆನ್‌ಲೈನಿನಲ್ಲಿ ಹುಲಿ ಮುಖದ 15 ಪೈಸೆ ಕಾರ್ಡೊಂದನ್ನು 150 ರೂಪಾಯಿಗೆ ತರಿಸಿದೆ. ಮೂಲೆಗೆ ಅರಿಶಿನ ಹಚ್ಚಿದೆ, ಮದುವೆ ಗೊತ್ತಾದ ಸುದ್ದಿ. ಜಾಗ ಸಾಲದೆ ಅಂಚಿನಲ್ಲಿ ಅಡ್ಡಲಾಗಿ ಬರೆದಿದ್ದಾರೆ: "ಬರುವಾಗ ದೊಡ್ಡ ಹಂಡೆ ತನ್ನಿ. ಕಾರ್ಡು ಮುಟ್ಟಿದ ಕೂಡಲೇ ಉತ್ತರ ಬರೆಯಿರಿ."

ಬರೆಯೋಣ ಅಂದರೆ ಕಾರ್ಡೆಲ್ಲಿ?